ತೆಳು ರಕ್ತದ ಮನೆತನ

ಪರಂಗಿ ಎಲೆಯನ್ನು ಮಿಕ್ಸಿಗೆ ಹಾಕಿ ತಿರುವಿದರೆ ಒಂದು ಹಸಿ ಕಹಿ ವಾಸನೆ ಏಳುತ್ತದೆ. ಮೊನ್ನೆ ನಮ್ಮ ಕಟ್ಟಡದ ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯ ಬಾಗಿಲಿನಿಂದ ಅದೇ ವಾಸನೆ ಬಂತು. ಒಳಗೆ ಯಾರಿಗೋ ಜ್ವರ, ಪ್ಲೇಟ್‌ಲೆಟ್ ಇಳಿದಿದೆಯಂತೆ. ಆ ಮನೆಯಾಕೆ ನನ್ನನ್ನು ನಿಲ್ಲಿಸಿ, "ನೀವು ಬಯಾಲಜಿ ಮೇಡಂ ಅಲ್ವಾ, ಇದನ್ನ ಖಾಲಿ ಹೊಟ್ಟೇಲಿ ಕೊಡ್ಬೇಕೋ ಊಟ ಆದ್ಮೇಲೋ?" ಎಂದು ಕೇಳಿದಳು. "ನಿಮ್ಮಿಷ್ಟ, ಕ್ರೋಟನ್ ಗಿಡಕ್ಕೆ ಸುರಿದರೂ ನಡೆಯುತ್ತೆ" ಎಂದು ಹೇಳಿ ಹತ್ತಿಬಂದೆ. ನನ್ನ ಬಾಯಿ ಒಳ್ಳೆಯದಲ್ಲ ಎಂಬುದು ಕಟ್ಟಡಕ್ಕೆಲ್ಲ ಗೊತ್ತು. ಅದು ಇಷ್ಟು ಕೆಟ್ಟದ್ದು ನಾನು ಮೇಲೂರಿನಲ್ಲಿದ್ದ ಒಂದು ವರ್ಷದಲ್ಲಿ.

ಆ ವರ್ಷ ನನಗೆ ಶಿಡ್ಲಘಟ್ಟದ ಕಾಲೇಜಿಗೆ ವರ್ಗವಾಗಿತ್ತು, ಪ್ರಾಣಿಶಾಸ್ತ್ರ ಕಲಿಸಲು. ಮೊದಲು ಊರೊಳಗೇ ಮನೆ ನೋಡಿದೆ. ರೇಷ್ಮೆ ನೂಲು ಬಿಚ್ಚುವ ಬೀದಿಗಳಲ್ಲಿ ಬೇಯುವ ಗೂಡಿನ ನಾತ ನನ್ನ ಮೂಗಿಗೆ ಒಗ್ಗಲಿಲ್ಲವೆಂದು ಪಕ್ಕದ ಹಳ್ಳಿ ಮೇಲೂರಿಗೆ ಹೋಗಿ ಆಂಜಿನಪ್ಪನವರ ಮನೆಯ ಮಹಡಿ ಹಿಡಿದೆ. ಮೂಗಿಗೆ ಬುದ್ಧಿ ಇದ್ದಿದ್ದರೆ ನಾತವೇ ವಾಸಿ ಎನ್ನುತ್ತಿತ್ತು.

ಆಂಜಿನಪ್ಪನವರಿಗೆ ಹಿಪ್ಪುನೇರಳೆ ತೋಟವಿತ್ತು, ಹುಳು ಸಾಕುವ ದೊಡ್ಡ ಮನೆಯಿತ್ತು, ಅದಕ್ಕೂ ದೊಡ್ಡದಾದ ವಂಶಾಭಿಮಾನವಿತ್ತು. ಊರಿನ ಗೌಡರು ಜಮೀನಿನ ಮೇಲೋ ಕಾರಿನ ಮೇಲೋ ಜಂಬ ಕೊಚ್ಚಿದರೆ ಇವರು ಕೊಚ್ಚುತ್ತಿದ್ದುದು ತಮ್ಮ ರಕ್ತದ ಮೇಲೆ. ಗಡ್ಡ ಹೆರೆಯುವಾಗ ಸಣ್ಣ ಗೀರಾದರೂ ಮಧ್ಯಾಹ್ನದ ತನಕ ಕೆನ್ನೆಗೆ ಪೇಪರ್ ಚೂರು ಅಂಟಿಸಿಕೊಂಡು ಓಡಾಡುವರು. ನಾನು ಅದನ್ನೇ ನೋಡುತ್ತಿದ್ದರೆ, "ನಮ್ದು ತೆಳು ರಕ್ತ ಮೇಡಂ. ನಮ್ಮ ತಂದೆದೂ ಹಂಗೇ, ನಮ್ಮ ಹರೀಶಂದೂ ಹಂಗೇ. ನಮ್ಮ ವಂಶದಲ್ಲಿ ಇವತ್ತಿನ ತನಕ ಯಾರಿಗೂ ಹಾರ್ಟ್ ಅಟ್ಯಾಕ್ ಆಗಿಲ್ಲ" ಎಂದು ಎದೆ ಉಬ್ಬಿಸುವರು. ಮೊದಮೊದಲು ನಾನೂ ತಲೆಯಾಡಿಸಿದೆ. ಆಮೇಲೆ ಅಲ್ಲಿ ಇಲ್ಲಿ ಕೇಳಿ ತಿಳಿದುಕೊಂಡೆ. ಹಾರ್ಟ್ ಅಟ್ಯಾಕ್ ಆಗುವ ವಯಸ್ಸನ್ನು ಆ ವಂಶದಲ್ಲಿ ಹಲವರು ಮುಟ್ಟಿಯೇ ಇರಲಿಲ್ಲ. ಅವರ ತಂದೆ ಹಲ್ಲು ಕೀಳಿಸಿಕೊಂಡು ಬಂದು ರಕ್ತ ನಿಲ್ಲದೆ ಸತ್ತಿದ್ದರು. ತಂಗಿಯೊಬ್ಬಳು ಹರೆಯದಲ್ಲೇ "ಯಾವುದೋ ಜ್ವರ" ಬಂದು, ಒಸಡಿನಲ್ಲಿ ರಕ್ತ ಒಸರಿ ಹೋಗಿದ್ದಳು. ಇದನ್ನೆಲ್ಲ ಅವರಲ್ಲಿ ಯಾರೂ ಒಟ್ಟಿಗೆ ನೆನೆಯುತ್ತಿರಲಿಲ್ಲ.

ಮನೆಯ ಯಜಮಾನಿಕೆ ಆಂಜಿನಪ್ಪನವರ ತಾಯಿ ಅಕ್ಕಯ್ಯಮ್ಮನದು. ಆಕೆಯ ಮುಖ್ಯ ಕಸುಬು ಸೊಸೆ ಮುನಿರತ್ನಮ್ಮನನ್ನು ಹಳಿಯುವುದು. ಮುನಿರತ್ನಮ್ಮನ ತವರು ಮುರುಗಮಲ್ಲದಿಂದಾಚೆ, ಆಂಧ್ರದ ಗಡಿಗೆ ತಾಗಿದ ಹಳ್ಳಿ. ಹಾಲು ಉಕ್ಕಿದರೂ ಹುಳು ಸೊರಗಿದರೂ "ಆ ಕಡೆ ರಕ್ತ" ಎಂದು ಅತ್ತೆ ಗೊಣಗುವಳು. ಸೊಸೆಯನ್ನು ತೆಲುಗಿನವಳು ಎಂದು ಬೈಯುತ್ತಿದ್ದುದೂ ತೆಲುಗಿನಲ್ಲೇ. ತಾನೂ ಈ ವಂಶಕ್ಕೆ ಹೊರಗಿನಿಂದ ಬಂದ ಸೊಸೆ ಎಂಬುದು ಮುದುಕಿಗೆ ಎಂದೋ ಮರೆತಿತ್ತು. ಮುನಿರತ್ನಮ್ಮ ತಿರುಗಿ ಮಾತಾಡಿದ್ದನ್ನು ನಾನು ಕೇಳಲಿಲ್ಲ. ಗಂಡನ ನೆಂಟರ ಮುಂದಂತೂ ಆಕೆಗೆ ನಾಲಿಗೆಯೇ ಇಲ್ಲವೇನೋ ಎನ್ನಬೇಕು.

ಮಕ್ಕಳಿಬ್ಬರು. ಹರೀಶ ತೋಟ ನೋಡಿಕೊಳ್ಳುತ್ತಿದ್ದ. ಅವನ ತಂಗಿ ಚೈತ್ರ ನಮ್ಮ ಕಾಲೇಜಿನಲ್ಲೇ ಬಿಎಸ್ಸಿ, ನನ್ನ ತರಗತಿಯಲ್ಲೇ ಕೂರುವವಳು.

ತರಗತಿಯ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನನಗಿಂತ ಹಿಂದಿನವರು ಹಳದಿಗಟ್ಟಿದ ನೋಟ್ಸನ್ನು ಅಲ್ಪವಿರಾಮ ಪೂರ್ಣವಿರಾಮ ಸಹಿತ ಬರೆಸಿ ಪುಣ್ಯ ಕಟ್ಟಿಕೊಂಡಿದ್ದರು. ನಾನು ಬರೆಸುವುದಿಲ್ಲ ಎಂದಾಗ ಹುಡುಗರಿಗೆ ಅನ್ಯಾಯವಾದಂತೆ ಅನಿಸಿತು. ರಕ್ತಕಣಗಳು ಹುಟ್ಟುವ ಪಾಠ ಬಂದಾಗ, ಮೂಳೆಯ ಮಜ್ಜೆಯಲ್ಲಿ ಒಂದೇ ಬಗೆಯ ಸ್ಟೆಮ್ ಸೆಲ್ ಇರುತ್ತದೆ, ಅದೇ ಕೆಂಪುಕಣವೂ ಆಗಬಲ್ಲದು, ಬಿಳಿಕಣವೂ ಆಗಬಲ್ಲದು, ಪ್ಲೇಟ್‌ಲೆಟ್ಟನ್ನೂ ಹುಟ್ಟಿಸಬಲ್ಲದು ಎಂದೆ. ಯಾರ ಮುಖದಲ್ಲೂ ಏನೂ ಕದಲಲಿಲ್ಲ. ಕೊನೆಗೆ, ಬೆಳಿಗ್ಗೆ ಚಿಂತಾಮಣಿ ಸರ್ಕಲ್ಲಿನಲ್ಲಿ ಕೂಲಿಯವರು ನಿಂತಿರುತ್ತಾರಲ್ಲ, ಹಾಗೆ ಎಂದೆ. ನಿಂತಾಗ ಎಲ್ಲರೂ ಒಂದೇ. ಮೇಸ್ತ್ರಿಗಳು ಬಂದು ಕೂಗಿ ಕರೆದ ಮೇಲೆ ಒಬ್ಬ ಗಾರೆಗೆ, ಒಬ್ಬ ಸೆಂಟ್ರಿಂಗಿಗೆ. ಜೀವಕೋಶದೊಳಗೂ ಅಂಥ ಮೇಸ್ತ್ರಿಗಳಿದ್ದಾರೆ, ಅವರಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. ಡಿಎನ್ಎ ಮೇಲೆ ಕುಳಿತು ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವವರು ಅವರೇ. ಗಾಟಾ-ಒನ್ ಎನ್ನುವವನು ಕೆಂಪುಕಣದ ಮೇಸ್ತ್ರಿ, ಪಿಯು-ಒನ್ ಬಿಳಿಕಣದವನು. ಇಬ್ಬರೂ ಒಬ್ಬರ ಬಾಯಿ ಒಬ್ಬರು ಮುಚ್ಚಿಸಲು ನೋಡುತ್ತಾರೆ, ಯಾರ ದನಿ ಮೇಲಾಯಿತೋ ಕೂಲಿಯವನು ಅವನ ಹಿಂದೆ ಹೋಗುತ್ತಾನೆ. ರಂಕ್ಸ್-ಒನ್ ಎಂಬ ಇನ್ನೊಬ್ಬನಿದ್ದಾನೆ, ಅವನಿಲ್ಲದೆ ಪ್ಲೇಟ್‌ಲೆಟ್ ಸರಿಯಾಗಿ ತಯಾರಾಗುವುದಿಲ್ಲ.

"ಮೇಡಂ, ಇದು ಎಕ್ಸಾಮಿಗೆ ಬರುತ್ತಾ?" ಎಂದು ಒಬ್ಬ ಕೇಳಿದ.

"ಮೇಸ್ತ್ರಿ ಬರದೆ ಹೋದ್ರೆ ಏನಾಗುತ್ತೆ ಮೇಡಂ?" ಎಂದು ಕೇಳಿದವಳು ಚೈತ್ರ.

ಆ ಕೊಠಡಿಯಲ್ಲಿ ಆ ವರ್ಷ ಹುಟ್ಟಿದ ಒಂದೇ ಒಂದು ಪ್ರಶ್ನೆ ಅದು. ಕೆಲಸ ಕಲಿಯದ ಕೋಶಗಳು ಏನೂ ಆಗದೆ ಉಳಿಯುತ್ತವೆ ಎಂದೆ. ಅವು ಸುಮ್ಮನಿರುವುದಿಲ್ಲ, ಇನ್ನೊಂದೆರಡು ಜೀನು ಕೆಟ್ಟರೆ ಮಜ್ಜೆಯ ತುಂಬ ತಾವೇ ಹೆಚ್ಚಿಕೊಂಡು ಕೆಲಸದವರಿಗೆ ಜಾಗವಿಲ್ಲದಂತೆ ಮಾಡುತ್ತವೆ, ರಕ್ತದ ಕ್ಯಾನ್ಸರ್ ಎಂದರೆ ಅದೇ ಎಂದೆ. ಅವಳು ಬರೆದುಕೊಂಡಳು.

ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆ ಹಿಡಿದರೆ ಡೆಂಗ್ಯೂ. ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಸುತ್ತ ಲ್ಯಾಬುಗಳು ನಾಯಿಕೊಡೆಯಂತೆ ಎದ್ದವು. ಮೊದಲೆಲ್ಲ ಜನ ಸಿಕ್ಕಿದರೆ ಗೂಡಿನ ರೇಟು ಕೇಳುತ್ತಿದ್ದರು, ಆ ಮಳೆಗಾಲದಲ್ಲಿ "ನಿಮ್ದೆಷ್ಟು ಪ್ಲೇಟ್‌ಲೆಟ್ ಕೌಂಟು?" ಎಂದು ಕೇಳಿದರು. ಹತ್ತು ಸಾವಿರ ಹೆಚ್ಚಿದವನು ಹತ್ತು ಸಾವಿರ ಕಡಿಮೆಯಿದ್ದವನ ಮುಂದೆ ಮೀಸೆ ತಿರುವಿದ. ಹುಟ್ಟಿದಾರಭ್ಯ ಕಿವಿ ಹಣ್ಣನ್ನು ಕಂಡಿರದ ತಳ್ಳುಗಾಡಿಯವರು ಅದನ್ನು ಕೌಂಟು ಏರಿಸುವ ಹಣ್ಣೆಂದು ಬೆಳ್ಳಿಯಂತೆ ಒಂದೊಂದಾಗಿ ಮಾರಿದರು. ಊರಿನ ಪರಂಗಿ ಮರಗಳೆಲ್ಲ ಬೋಳಾದವು. ಜ್ವರ ತಾನಾಗಿ ಇಳಿದು ಕೌಂಟು ತಾನಾಗಿ ಏರಿದಾಗ ಹೆಸರು ಬಂದದ್ದು ಎಲೆಗೆ.

ಆಂಜಿನಪ್ಪನವರ ಮನೆಯಲ್ಲಿ ಇದಕ್ಕೂ ಒಂದು ಹೆಚ್ಚುಗಾರಿಕೆ. "ನಮ್ಮ ಹರೀಶಂಗೆ ವರ್ಷಾ ವರ್ಷಾ ಬರುತ್ತೆ ಮೇಡಂ. ಚಿಕ್ಕ ವಯಸ್ಸಿಂದ. ಸೊಳ್ಳೆಗೂ ಗೊತ್ತು, ಯಾರ ಮನೆ ರಕ್ತ ರುಚಿ ಅಂತ." ವರ್ಷಾ ವರ್ಷಾ ಡೆಂಗ್ಯೂ ಬರುವ ಮನುಷ್ಯನನ್ನು ನಾನು ಎಲ್ಲೂ ಕೇಳಿರಲಿಲ್ಲ. ಜ್ವರ ಬಂದಾಗೊಮ್ಮೆ ಯಾರಾದರೂ ಕೌಂಟು ನೋಡುವುದು, ಕಡಿಮೆ ಇರುವುದು, ಡೆಂಗ್ಯೂ ಎಂದು ಹೆಸರಿಡುವುದು, ಎಲೆ ಅರೆಯುವುದು. ಜ್ವರ ಇಲ್ಲದಾಗ ಕೌಂಟು ಎಷ್ಟಿರುತ್ತದೆ ಎಂದು ಕೇಳಿದೆ. "ಚೆನ್ನಾಗಿರೋ ಹುಡುಗಂಗೆ ಯಾರು ಟೆಸ್ಟ್ ಮಾಡಿಸ್ತಾರೆ?" ಎಂದು ನಕ್ಕರು. ಸೊಪ್ಪಿನ ಹೊರೆ ಹೊರುವ ಆ ಹುಡುಗನ ತೋಳುಗಳಲ್ಲಿ ಯಾವಾಗ ನೋಡಿದರೂ ನೀಲಿಗಟ್ಟಿದ ಮಚ್ಚೆಗಳಿರುತ್ತಿದ್ದವು.

ಆ ಮಳೆಗಾಲದಲ್ಲಿ ಚೈತ್ರಳಿಗೂ ಜ್ವರ ಬಂತು, ಒಸಡಿನಲ್ಲಿ ರಕ್ತ ಬಂತು. ಡೆಂಗ್ಯೂ ಎಂದರು. ಮಿಕ್ಸಿ ತಿರುಗಿತು. ನಾನು ದೊಡ್ಡ ಡಾಕ್ಟರಿಗೆ ತೋರಿಸಿ ಎಂದೆ, ಅಕ್ಕಯ್ಯಮ್ಮ "ರಸ ಇಳೀಲಿ, ಆಮೇಲೆ ನೋಡಣ" ಎಂದಳು. ರಸ ಇಳಿಯಿತು, ಹುಡುಗಿ ಬಿಳಿಚಿಕೊಂಡಳು. ಕೊನೆಗೆ ಚಿಕ್ಕಬಳ್ಳಾಪುರದ ಡಾಕ್ಟರೊಬ್ಬರು ರಕ್ತವನ್ನು ಗಾಜಿನ ಮೇಲೆ ಎಳೆದು ಮೈಕ್ರೋಸ್ಕೋಪಿನಲ್ಲಿ ನೋಡಿ, ಬೆಂಗಳೂರಿಗೆ ಚೀಟಿ ಬರೆದರು. ಬ್ಲಡ್ ಕ್ಯಾನ್ಸರ್.

ಅಲ್ಲಿಂದ ಮನೆಗೆ ನೆಂಟರ ದಂಡಯಾತ್ರೆ ಶುರುವಾಯಿತು. ಒಂದು ಪೌಂಡ್ ಬ್ರೆಡ್ಡು, ನಾಲ್ಕು ಮೂಸಂಬಿ, ಅದಕ್ಕೆ ಹತ್ತುಪಟ್ಟು ಬುದ್ಧಿವಾದ. ಹುಡುಗಿ ಆಸ್ಪತ್ರೆಯಲ್ಲಿ ಕೂದಲು ಉದುರಿಸಿಕೊಂಡು ಮಲಗಿದ್ದರೆ ಇವರು ಮೇಲೂರಿನ ಜಗಲಿಯಲ್ಲಿ ಕಾಫಿ ಕುಡಿಯುತ್ತ ಕಾಯಿಲೆ ಎಲ್ಲಿಂದ ಬಂತೆಂದು ತೀರ್ಮಾನಿಸಿದರು. "ನಮ್ಮ ಕಡೆ ಇಂಥದ್ದಿಲ್ಲಪ್ಪ" ಎಂದು ಅಕ್ಕಯ್ಯಮ್ಮ, ಎಲ್ಲರ ಕಣ್ಣೂ ಕಾಫಿ ತಂದ ಮುನಿರತ್ನಮ್ಮನ ಮೇಲೆ. ಆಕೆ ಲೋಟ ಕೊಟ್ಟು ಒಳಗೆ ಹೋದಳು. ನನಗೆ ಆ ಜನರನ್ನು ಮೆಟ್ಟಿಲಿಂದ ಕೆಳಗೆ ದಬ್ಬಬೇಕೆನಿಸಿತು.

ಔಷಧಿಯಿಂದ ಕಾಯಿಲೆ ಹಿಡಿತಕ್ಕೆ ಬಂದ ಮೇಲೆ ಡಾಕ್ಟರು, ಬೇರೆಯವರ ಮಜ್ಜೆ ಹಾಕದೆ ಬೇರೆ ದಾರಿಯಿಲ್ಲ ಎಂದರು. ಮನೆಯವರ ಪರೀಕ್ಷೆ ಮಾಡಿದಾಗ ಹರೀಶನದು ಪೂರ್ತಿ ಹೊಂದಿತು. ಮೇಲೂರಿನಲ್ಲಿ ಹಬ್ಬವೇ ಆಯಿತು. ಆಂಜಿನಪ್ಪನವರು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ, "ನಮ್ಮ ರಕ್ತಾನೇ ನಮ್ಮನ್ನ ಕಾಯೋದು" ಎಂದರು. ಹರೀಶನ ಪ್ಲೇಟ್‌ಲೆಟ್ ಕಡಿಮೆಯಿದೆಯಲ್ಲ ಎಂದು ಡಾಕ್ಟರು ಕೇಳಿದ್ದಕ್ಕೆ, "ಹೋದ ತಿಂಗಳು ಡೆಂಗ್ಯೂ ಬಂದಿತ್ತು ಮೇಡಂ" ಎಂದು ಹೇಳಿ ಬಂದಿದ್ದರು. ಹಾಗಾದರೆ ಸುಧಾರಿಸಿಕೊಳ್ಳಲಿ, ಮತ್ತೆ ನೋಡೋಣ ಎಂದು ಕಳುಹಿಸಿದ್ದರಂತೆ. ಮತ್ತೆ ಮಿಕ್ಸಿ. ಹರೀಶ ಲೋಟಗಟ್ಟಲೆ ಹಸಿರು ರಸ ಕುಡಿದು ವಾಕರಿಸುವ ಸದ್ದು ಮಹಡಿಗೆ ಕೇಳುತ್ತಿತ್ತು. ಪಾಪದ ಹುಡುಗ, ತಂಗಿಗಾಗಿ ವಿಷವನ್ನಾದರೂ ಕುಡಿಯುತ್ತಿದ್ದ.

ಆ ದಿನಗಳಲ್ಲಿ ಚೈತ್ರ ಆಸ್ಪತ್ರೆಯಿಂದ ಫೋನ್ ಮಾಡಿದಳು. ದನಿ ಸಣ್ಣಗಾಗಿತ್ತು. "ಮೇಡಂ, ನಂಗೆ ಯಾವ ಮೇಸ್ತ್ರಿ ಕೈ ಕೊಟ್ಟ ಅಂತ ಇವ್ರು ಹೇಳ್ತಾನೇ ಇಲ್ಲ."

ಏನೋ ಹೇಳಿ ಫೋನಿಟ್ಟೆ. ಆಮೇಲೆ ಆ ಮನೆಯಲ್ಲಿ ಕೇಳಿದ್ದನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನೋಡಿದೆ. ಗಡ್ಡದ ಗೀರು, ಹಲ್ಲು ಕೀಳಿಸಿ ಸತ್ತ ತಾತ, ಒಸಡಿನಲ್ಲಿ ರಕ್ತ ಒಸರಿ ಹೋದ ಸೋದರತ್ತೆ, ವರ್ಷಾ ವರ್ಷಾ ಡೆಂಗ್ಯೂ. ಪ್ರತಿ ಜೀನಿಗೂ ಎರಡು ಪ್ರತಿ, ತಂದೆಯದೊಂದು ತಾಯಿಯದೊಂದು. ರಂಕ್ಸ್-ಒನ್ನಿನ ಒಂದು ಪ್ರತಿ ಹುಟ್ಟಿನಿಂದಲೇ ಕೆಟ್ಟಿರುವ ಮನೆತನಗಳಿವೆ. ಅವರಿಗೆ ಪ್ಲೇಟ್‌ಲೆಟ್ ಯಾವಾಗಲೂ ಕಡಿಮೆ, ಕೆಲವರಿಗೆ ಮುಂದೆ ರಕ್ತದ ಕ್ಯಾನ್ಸರ್. ಈ ಮೂರ್ಖರು ಮೂರು ತಲೆಮಾರಿನಿಂದ ಜಂಬ ಪಟ್ಟುಕೊಂಡಿದ್ದು ಬಹುಶಃ ಅದರ ಮೇಲೇ. ಹರೀಶನಿಗೂ ಅದಿದ್ದರೆ, ಕೆಟ್ಟ ಮಜ್ಜೆಯನ್ನು ಸುಟ್ಟು ತೆಗೆದು ಅದೇ ಕೆಡುಕಿನ ಮಜ್ಜೆಯನ್ನು ಹುಡುಗಿಗೆ ಮತ್ತೆ ತುಂಬಿದಂತೆ. ನನಗೆ ಭಯವಾಯಿತು.

ಆಂಜಿನಪ್ಪನವರಿಗೆ ಹೇಳಿದೆ. ಡಾಕ್ಟರ ಹತ್ತಿರ ನಿಮ್ಮ ತಂದೆಯ ವಿಷಯ, ತಂಗಿಯ ವಿಷಯ ಬಾಯಿಬಿಡಿ, ಹರೀಶನಿಗೆ ಪ್ರತಿವರ್ಷ ಕೌಂಟು ಇಳಿಯುವುದನ್ನು ಹೇಳಿ ಎಂದೆ. ಪೂರ್ತಿ ಕೇಳಿಸಿಕೊಂಡರು.

"ನೀವು ಪಾಠ ಮಾಡೋರು ಮೇಡಂ, ಡಾಕ್ಟ್ರಲ್ಲ. ನಮ್ಮ ವಂಶಕ್ಕೆ ಕಳಂಕ ಹಚ್ಚಬೇಡಿ. ನಾಳೆ ಹರೀಶಂಗೆ ಹೆಣ್ಣು ಕೊಡೋರು ಯಾರು?"

"ಚೈತ್ರ ಉಳಿಯೋದು ಬೇಡವಾ ನಿಮಗೆ?"

"ಉಳಿಸೋಕೇ ತಾನೆ ಮಗನ್ನ ಕೊಡ್ತಿರೋದು" ಎಂದು ಎದ್ದು ಹೋದರು. ಸ್ವಂತ ಮಗಳ ಜೀವಕ್ಕಿಂತ ಇನ್ನೂ ಗೊತ್ತಾಗದ ಬೀಗರ ಅಭಿಪ್ರಾಯ ದೊಡ್ಡದಾದ ಗಂಡಸನ್ನು ನಾನು ಅಷ್ಟು ಹತ್ತಿರದಿಂದ ಅಂದೇ ನೋಡಿದ್ದು.

ಮಾರನೆಯ ದಿನ ಹುಳು ಹಣ್ಣಾಗಿದ್ದವು. ಹಣ್ಣಾದ ಹುಳುವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಕೆಲಸ ಯಾರು ಸತ್ತರೂ ಹುಟ್ಟಿದರೂ ನಿಲ್ಲುವುದಿಲ್ಲ. ಮುನಿರತ್ನಮ್ಮ ಒಬ್ಬಳೇ ಕೂತಿದ್ದಳು. ಪಕ್ಕದಲ್ಲಿ ಕೂತು, ಅವಳಿಗೆ ತಿಳಿಯುವಂತೆ ಎಲ್ಲ ಹೇಳಿದೆ. ಆಕೆಯ ಬೆರಳುಗಳು ಹುಳು ಆರಿಸುತ್ತಲೇ ಇದ್ದವು.

"ಹಂಗಾರೆ ಇದು ನನ್ನ ಕಡೆಯಿಂದ ಬಂದಿದ್ದಲ್ವಾ ಮೇಡಮ್ಮ?"

"ಅಲ್ಲ ಅಂತಲೇ ಅನಿಸುತ್ತೆ. ಟೆಸ್ಟ್ ಮಾಡಿದ್ರೆ ಖಚಿತ."

ಇಷ್ಟು ತಿಂಗಳ ಮಾತುಗಳಿಗೆ ಆಕೆ ಆಗಲಾದರೂ ಒಂದು ನಿಟ್ಟುಸಿರು ಬಿಟ್ಟಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಆಕೆ ಕೇಳಿದ್ದು ಬೇರೆ.

"ನಾನು ಹೇಳಿದ್ರೆ ಹರೀಶಂದು ಬೇಡ ಅಂತಾರೆ. ಆಮೇಲೆ ಚೈತ್ರಂಗೆ ಕೊಡೋರು ಯಾರು?"

ನನಗೆ ಗೊತ್ತಿಲ್ಲ ಎಂದೆ.

"ಹರೀಶಂಗೂ ಆ ಕಾಯಿಲೆ ಬರುತ್ತಾ?"

"ಬರಲೇಬೇಕು ಅಂತಿಲ್ಲ. ಬರಬಹುದು. ಗೊತ್ತಿದ್ರೆ ಕಾದು ನೋಡ್ಕೋಬಹುದು."

"ಹೇಳಿದ್ರೆ ಒಂದು ಮಗೂಗೆ ಇರೋ ದಾರಿ ಮುಚ್ಚೋಗುತ್ತೆ, ಇನ್ನೊಂದರ ಹಣೇಲಿ ಬರೆದಂಗಾಗುತ್ತೆ" ಎಂದಳು. ಕೈಯಲ್ಲಿದ್ದ ಹುಳುವನ್ನು ಚಂದ್ರಿಕೆಗೆ ಬಿಟ್ಟು, "ಹೇಳದೆ ಇದ್ರೆ ಇಬ್ರನ್ನೂ ಕಳ್ಕೊಂತೀನಿ, ಅಲ್ವಾ?" ಎಂದಳು.

ಮುಂದಿನ ಸಲ ಆಸ್ಪತ್ರೆಗೆ ಹೊರಟಾಗ ತಾನೂ ಬರುವೆನೆಂದು ಹಟ ಹಿಡಿದಳು, ನನ್ನನ್ನೂ ಕರೆದಳು. ಹಿಂದೆ ಬಂದಾಗಲೆಲ್ಲ ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದವಳು ಅಂದು ಗಂಡನ ಹಿಂದೆಯೇ ಒಳಗೆ ನುಗ್ಗಿದಳು, ಅವಳ ಹಿಂದೆ ನಾನು. ಡಾಕ್ಟರು ನಡುವಯಸ್ಸಿನ ಹೆಂಗಸು. ಹರೀಶನ ಕೌಂಟು ಒಂದಿಷ್ಟು ಏರಿದೆ, ದಿನ ಗೊತ್ತು ಮಾಡೋಣ ಎನ್ನುತ್ತಿದ್ದರು.

"ಡಾಕ್ಟ್ರಮ್ಮ, ಅವನಿಗೆ ಡೆಂಗ್ಯೂ ಅಲ್ಲ" ಎಂದಳು ಮುನಿರತ್ನಮ್ಮ. ಮಾವ ಸತ್ತದ್ದು, ನಾದಿನಿ ಸತ್ತದ್ದು, ಹರೀಶನ ತೋಳು, ಗಂಡನ ಗಡ್ಡ, ಎಲ್ಲವನ್ನೂ ಹೇಳಿದಳು. ಅರ್ಧ ಕನ್ನಡ ಅರ್ಧ ತೆಲುಗು. ಆಂಜಿನಪ್ಪನವರು ಮಧ್ಯೆ ಬಾಯಿ ಹಾಕಿದಾಗ ಡಾಕ್ಟರು, "ನೀವು ಸುಮ್ನಿರಿ, ಅವ್ರು ಹೇಳ್ಲಿ" ಎಂದರು. ಎಲ್ಲ ಕೇಳಿ, ಪೆನ್ನು ಕೆಳಗಿಟ್ಟು, "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?" ಎಂದರು. ಅಲ್ಲೇ ಆಂಜಿನಪ್ಪನವರ ಬೆರಳಿಗೆ ಸೂಜಿ ಚುಚ್ಚಿಸಿದರು. ಅವರದೂ ಕಡಿಮೆ ಬಂತು. ಜ್ವರವಿಲ್ಲ, ನೆಗಡಿಯಿಲ್ಲ, ಬೆಳಿಗ್ಗೆ ಗಟ್ಟಿಯಾಗಿ ಇಡ್ಲಿ ತಿಂದು ಬಂದ ಮನುಷ್ಯ.

"ನಂಗೂ ಡೆಂಗ್ಯೂ ಇರಬೌದೇನೋ ಮೇಡಂ" ಎಂದು ನನಗೆ ಹೇಳಿದರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಚೈತ್ರಳ ಜೀನು ಪರೀಕ್ಷೆಯ ಉತ್ತರ ಬರಲು ವಾರಗಳು ಹಿಡಿದವು. ಊಹೆ ನಿಜವಾಗಿತ್ತು. ಮುನಿರತ್ನಮ್ಮನ ಪರೀಕ್ಷೆಯಲ್ಲಿ ಯಾವ ಕೆಡುಕೂ ಇರಲಿಲ್ಲ. ಅಪ್ಪ ಮಗನೂ ಪರೀಕ್ಷೆಗೆ ರಕ್ತ ಕೊಡಿ ಎಂದು ಡಾಕ್ಟರು ಕೇಳಿದರೆ, ಮದುವೆಯಾಗಬೇಕಾದ ಹುಡುಗ ಎಂದು ಆಂಜಿನಪ್ಪನವರು ಒಪ್ಪಲಿಲ್ಲ, ಹರೀಶ ಅಪ್ಪನಿಗೆ ಎದುರಾಡಲಿಲ್ಲ. ಹೇಗೂ ಅವನ ಮಜ್ಜೆ ಬೇಡವೆಂದಾಯಿತು. ಪೂರ್ತಿ ಹೊಂದುವವರು ಬೇರೆ ಯಾರೂ ಸಿಗಲಿಲ್ಲ. ಅರ್ಧ ಹೊಂದುವ ತಾಯಿಯದನ್ನೂ ಹಾಕಬಹುದು, ಅಪಾಯ ಹೆಚ್ಚು, ಆದರೆ ಆಗುತ್ತದೆ ಎಂದರು ಡಾಕ್ಟರು. ಮುನಿರತ್ನಮ್ಮ ಸೆರಗು ಬಿಗಿದು, "ಯಾವತ್ತು ಬರ್ಲಿ?" ಎಂದಳು. "ಆ ಕಡೆ ರಕ್ತಾನಾ ನಮ್ಮ ಮಗೂ ಮೈಗೆ?" ಎಂದು ಅಕ್ಕಯ್ಯಮ್ಮ ಊಟ ಬಿಟ್ಟಳು. ಸಂಜೆ ತಿಂದಳು.

ನನಗೆ ಮನೆ ಖಾಲಿ ಮಾಡಲು ಹೇಳಿದ್ದರು. ಶಿಡ್ಲಘಟ್ಟದೊಳಗೇ, ನೂಲು ಬಿಚ್ಚುವ ಬೀದಿಯಲ್ಲೇ ಮನೆ ಹಿಡಿದೆ. ತನ್ನ ಮಜ್ಜೆಯನ್ನು ಮಗಳಿಗೆ ಹಾಕಿದ ಮೇಲೆ ಮುನಿರತ್ನಮ್ಮ ಆಗಾಗ ಫೋನ್ ಮಾಡಿ ವಿಷಯ ತಿಳಿಸುವಳು. ಹೊಸ ರಕ್ತಕಣಗಳು ಏಳಲಿಲ್ಲ, ಇವತ್ತೂ ಏಳಲಿಲ್ಲ, ಬಾಯಲ್ಲಿ ಹುಣ್ಣು, ಜ್ವರ. ಒಂದು ದಿನ ಫೋನಿನಲ್ಲಿ ಬರೀ ಅಳು ಕೇಳಿತು. ಕಣಗಳು ಎದ್ದಿದ್ದವು.

ಹುಡುಗಿ ಮನೆಗೆ ಬಂದು ಕೆಲವು ತಿಂಗಳಾದ ಮೇಲೆ ಆಂಜಿನಪ್ಪನವರು ಊಟ ಇಟ್ಟುಕೊಂಡರು. ಜನಜಂಗುಳಿಗೆ ಒಡ್ಡಬೇಡಿ ಎಂದು ಡಾಕ್ಟರು ಹೇಳಿದ್ದರು, ಇವರು ಶಾಮಿಯಾನ ಹಾಕಿಸಿದರು. "ಅಪ್ಪ ನಿಮ್ಮನ್ನ ಕರೆಯಲ್ಲ ಮೇಡಂ, ನಾನು ಕರೀತಿದೀನಿ" ಎಂದು ಚೈತ್ರ ಹೇಳಿದ್ದರಿಂದ ಹೋದೆ. ಅವಳು ಮಾಸ್ಕ್ ಹಾಕಿಕೊಂಡು ಜಗಲಿಯ ಮೂಲೆಯಲ್ಲಿ ಕೂತಿದ್ದಳು, ತಲೆಯಲ್ಲಿ ಎಳೆಗೂದಲು ಮೂಡಿತ್ತು. ಮುನಿರತ್ನಮ್ಮ ಹಿತ್ತಲಲ್ಲಿ ಪಾಯಸದ ಮುಂದೆ ಇದ್ದಳು. ಎದುರು ಸಾಲಿನ ಕುರ್ಚಿಗಳಲ್ಲಿ ಮದುವೆಯ ವಯಸ್ಸಿಗೆ ಬಂದ ಹೆಣ್ಣುಮಕ್ಕಳಿರುವ ನೆಂಟರನ್ನು ಕೂರಿಸಿದ್ದರು.

ಆಂಜಿನಪ್ಪನವರು ಹರೀಶನನ್ನು ಮುಂದೆ ಕರೆದು ಪೇಟ ತೊಡಿಸಿ ಶಾಲು ಹೊದಿಸಿದರು. "ಅಣ್ಣ ತಂಗಿಗೆ ತನ್ನ ಮಜ್ಜೆ ಕೊಟ್ಟ. ನಮ್ಮ ವಂಶದ ರಕ್ತಾನೇ ನಮ್ಮ ಮಗೂನ ಉಳಿಸ್ತು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹರೀಶ ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ. ನನಗೆ ಅಸಹ್ಯವಾಗಿ ಎದ್ದು ಹೋಗಲು ಚಪ್ಪಲಿ ಹುಡುಕಿದೆ.

ಚೈತ್ರ ಮಾಸ್ಕ್ ಕೆಳಗೆ ಎಳೆದಳು.

"ಅಣ್ಣ ಕೊಟ್ಟಿಲ್ಲಪ್ಪ, ಕೊಟ್ಟಿದ್ದು ಅಮ್ಮ. ನಂದು ಬಿ ಪಾಸಿಟಿವ್ ಇತ್ತಲ್ಲ, ಈಗ ಅಮ್ಮಂದೇ ಓ ಪಾಸಿಟಿವ್ ಆಗಿದೆ. ಈ ಮನೆ ರಕ್ತ ನನ್ನ ಮೈಯಲ್ಲಿ ಒಂದು ತೊಟ್ಟೂ ಇಲ್ಲ. ಅದಕ್ಕೇ ಬದುಕಿದೀನಿ."

"ಔಷಧಿ ಕಾವು ತಲೆಗೇರಿದೆ ಮಗೂಗೆ" ಎಂದಳು ಅಕ್ಕಯ್ಯಮ್ಮ. ಆಂಜಿನಪ್ಪನವರು ನಕ್ಕು, ಏನೂ ಆಗದವರಂತೆ ಎಲ್ಲರನ್ನೂ ಊಟಕ್ಕೆ ಎಬ್ಬಿಸತೊಡಗಿದರು. ಹರೀಶ ಪೇಟ ತೆಗೆದು ಕುರ್ಚಿಯ ಮೇಲಿಟ್ಟ.

ಮುನಿರತ್ನಮ್ಮ ಪಾಯಸದ ಸೌಟು ಹಿಡಿದುಕೊಂಡೇ ಹಿತ್ತಲಿನಿಂದ ಬಂದಿದ್ದಳು. ಗಂಡನ ನೆಂಟರೆಲ್ಲರ ನಡುವೆ ನಿಂತು, ದನಿ ಏರಿಸದೆ ಆಂಜಿನಪ್ಪನವರಿಗೆ ಹೇಳಿದಳು:

"ಸೋಮವಾರ ಹರೀಶನ್ನ ಟೆಸ್ಟಿಗೆ ಬೆಂಗಳೂರಿಗೆ ಕರ್ಕೊಂಡು ಹೋಗ್ತಿದೀನಿ. ನೀವೂ ಬರ್ತೀರೋ, ಇಲ್ಲ ಈ ಸಲಾನೂ ಡೆಂಗ್ಯೂ ಅಂತ ಹೇಳ್ಬೇಕೋ ನಿಮ್ಮೋರಿಗೆ?"